ಚಿತ್ರ: ಲೇಖಕಿ

ಭರಮಣ್ಣ ಹೆಂಡತಿಯನ್ನು ಕರೆದುಕೊಂಡು ಕಾಲೇಜಿಗೆ ಬಂದ ದಿನ ಪ್ರಮಿಳಾ ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು ಕಿರುಪರೀಕ್ಷೆಯ ಪೇಪರು ತಿದ್ದುತ್ತಿದ್ದಳು. ಬಾಗಿಲಲ್ಲಿ ನಿಂತವನು ಖಾಕಿ ಅಂಗಿ ತೊಟ್ಟಿದ್ದ. ಎಷ್ಟು ತೊಳೆದರೂ ಹೋಗದ ಎಣ್ಣೆಗಪ್ಪು ಅವನ ಉಗುರಿನ ಸಂದಿಯಲ್ಲಿತ್ತು. ಅವನ ಹಿಂದೆ ತಲೆಯ ಮೇಲೆ ಸೆರಗು ಹೊದ್ದ ಹೆಂಗಸು ಗೋಡೆಗೆ ಒತ್ತಿ ನಿಂತಿದ್ದಳು. ಮಗಳ ಫೀ ವಿಚಾರಕ್ಕೆ ಬಂದ ಯಾರೋ ತಂದೆತಾಯಿ ಇರಬೇಕು ಎಂದುಕೊಂಡ ಪ್ರಮಿಳಾ ಆಫೀಸಿನ ದಾರಿ ತೋರಿಸಲು ಕೈ ಎತ್ತಿದಳು. ಅಷ್ಟರಲ್ಲಿ ಅವನು ಪ್ಲಾಸ್ಟಿಕ್ ಚೀಲದಿಂದ ನಾಲ್ಕಾಗಿ ಮಡಚಿದ ಕಾಗದವೊಂದನ್ನು ತೆಗೆದು, ಬಹಳ ಜತನದಿಂದ ಬಿಡಿಸಿ, ಅವಳ ಮುಂದೆ ಮೇಜಿನ ಮೇಲಿಟ್ಟ.

ಅದು ಅವಳದೇ ಲೇಖನದ ಒಂದು ಪುಟ. ಮೇಲೆ ಕಾಲೇಜಿನ ಹೆಸರು, ನಡುವೆ ಚಿತ್ರ. ಚಿತ್ರದಲ್ಲಿ ಒಬ್ಬ ಮುದುಕಿ ನೆಲದ ಮೇಲೆ ಕಾಲು ಚಾಚಿ ಕೂತು ಕದಿರಿನಿಂದ ಕುರಿಯ ಉಣ್ಣೆ ನೂಲುತ್ತಿದ್ದಾಳೆ. ಕಣ್ಣು ನೂಲಿನ ಮೇಲಿದೆ. ಮೂಗಿನ ಎಡಗಡೆ ದೊಡ್ಡ ಮಚ್ಚೆ. ಚಿತ್ರದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: ‘ಉಣ್ಣೆ ನೂಲುತ್ತಿರುವ ಹಾಲುಮತದ ವೃದ್ಧೆ, ನಂದಗಡ ಸಂತೆ, ಫೆಬ್ರವರಿ ೨೦೦೨. ಚಿತ್ರ: ಲೇಖಕಿ.’

“ಇದನ್ನ ತಗದಾವ್ರು ನೀವ ಏನ್ರಿ ಮೇಡಂ?” ಎಂದು ಅವನು ಕೇಳಿದ.

ಪ್ರಮಿಳಾ ಹೌದೆಂದಳು. ಅಷ್ಟು ಹೊತ್ತಿಗಾಗಲೇ ಆ ಮಾತು ಅವಳ ಬಾಯಿಗೆ ರೂಢಿಯಾಗಿಬಿಟ್ಟಿತ್ತು. ವಿಚಾರಸಂಕಿರಣದಲ್ಲಿ ಎಷ್ಟೋ ಜನ ಹೀಗೇ ಕೇಳಿದ್ದರು, ಅವಳು ಹೀಗೇ ಹೌದೆಂದಿದ್ದಳು.

“ಇಕಿ ನಮ್ಮವ್ವ ರೀ,” ಎಂದ ಭರಮಣ್ಣ. “ಮಾಯವ್ವ ಅಂತ. ಮೂರು ವರ್ಷಾತು, ಮನಿ ಬಿಟ್ಟು ಹೋಗಿ.”

ಆ ಚಿತ್ರವನ್ನು ಪ್ರಮಿಳಾ ತೆಗೆದಿರಲಿಲ್ಲ. ಆ ಮುದುಕಿಯನ್ನು ಅವಳು ಎಂದೂ ನೋಡಿರಲಿಲ್ಲ.

ಆದದ್ದು ಇಷ್ಟು. ಹಿಂದಿನ ಚಳಿಗಾಲದಲ್ಲಿ ಕಾಲೇಜು ದೊಡ್ಡದೊಂದು ವಿಚಾರಸಂಕಿರಣ ಗೊತ್ತುಮಾಡಿತು. ಸಮಾಜಶಾಸ್ತ್ರ ವಿಭಾಗದಲ್ಲಿ ಪ್ರಮಿಳಾಳೇ ಎಲ್ಲರಿಗಿಂತ ಕಿರಿಯಳು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಖಾನಾಪುರ ಸೀಮೆಯ ಕುರಿ ಕಾಯುವ ಮನೆತನಗಳ ಹೆಂಗಸರ ಬಗ್ಗೆ ನೀವೇ ಬರೆಯಿರಿ, ನಿಮ್ಮ ಮಂದಿಯೇ ಅಲ್ಲವೇ ಎಂದು ವಿಭಾಗದ ಮುಖ್ಯಸ್ಥರು ಹೇಳಿದರು. ಮಂದಿಯೇನೋ ಅವಳವರೇ. ಆದರೆ ಅವಳ ಅಪ್ಪ ಲಕ್ಷ್ಮಪ್ಪ ಅವಳು ಹುಟ್ಟುವ ಮೊದಲೇ ತನ್ನ ಊರು ಸಾಂಬ್ರಾ ಬಿಟ್ಟು ಬೆಳಗಾವಿಗೆ ಬಂದು ಬಸ್ ಕಂಡಕ್ಟರಾಗಿ ಸೇರಿದವನು. ಪ್ರಮಿಳಾ ಅಲ್ಲಿಯ ವಡಗಾವಿಯ ಬಾಡಿಗೆ ಮನೆಗಳಲ್ಲಿ ಬೆಳೆದಳು. ಕುರಿಯ ಉಣ್ಣೆಯನ್ನು ಕೈಯಲ್ಲಿ ಹಿಡಿದದ್ದು ಕಂಬಳಿಯ ರೂಪದಲ್ಲಿ ಮಾತ್ರ.

ಚಿಕ್ಕಪ್ಪನ ಮಗನ ಕ್ಯಾಮೆರಾ ಇಸಿದುಕೊಂಡು ಅವಳು ಒಂದು ದಿನ ನಂದಗಡದ ಸಂತೆಗೆ ಹೋದಳು. ಅಲ್ಲಿ ಕಂಬಳಿ ಮಾರುತ್ತಿದ್ದ ಇಬ್ಬರು ಹೆಂಗಸರನ್ನು ಮಾತಾಡಿಸಲು ನೋಡಿದಳು. ಅವಳ ಪ್ರಶ್ನೆಯ ಪುಸ್ತಕದ ಭಾಷೆ ಕೇಳಿ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ನಾಚಿಕೆಯಾಗಿ ಮತ್ತೇನೂ ಕೇಳಲಾರದೆ, ದೂರದಿಂದಲೇ ಕೆಲವು ಚಿತ್ರ ತೆಗೆದು ಮಧ್ಯಾಹ್ನದ ಬಸ್ಸಿಗೇ ತಿರುಗಿ ಬಂದಳು. ಸ್ಟುಡಿಯೋದವನು ರೋಲು ತೊಳೆದು ನೋಡಿದರೆ ಒಂದೂ ಚಿತ್ರ ಮೂಡಿರಲಿಲ್ಲ. ರೋಲು ಕ್ಯಾಮೆರಾದ ಹಲ್ಲಿಗೆ ಸಿಕ್ಕಿರಲೇ ಇಲ್ಲ, ನೀವು ಒತ್ತಿದ್ದಷ್ಟೇ ಬಂತು ಎಂದು ಅವನು ಹೇಳಿದ.

ಲೇಖನ ಒಪ್ಪಿಸುವ ದಿನ ಹತ್ತಿರ ಬಂದಿತ್ತು. ಕಾಲೇಜು ರಸ್ತೆಯ ಸೈಬರ್ ಕೆಫೆಯಲ್ಲಿ, ಪ್ಲೈವುಡ್ ಮರೆಯ ಸಣ್ಣ ಗೂಡಿನಲ್ಲಿ ಕೂತು ಅವಳು ಇಂಟರ್ನೆಟ್ಟಿನಲ್ಲಿ ಹುಡುಕಿದಳು. ಒಂದು ಪುಟದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತ ಹೋಗುತ್ತ ಈ ಮುದುಕಿ ಸಿಕ್ಕಳು. ಚಿತ್ರದ ಕೆಳಗೆ ಖಾನಾಪುರ ಎಂದು ಇಂಗ್ಲಿಷಿನಲ್ಲಿ ಇದ್ದದ್ದನ್ನು ಕಂಡು ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಅಲ್ಲೇ ಯಾರದೋ ಹೆಸರೂ ಇತ್ತು. ಅವಳು ಚಿತ್ರವನ್ನಷ್ಟೇ ಫ್ಲಾಪಿಗೆ ಇಳಿಸಿಕೊಂಡಳು. ಹೆಸರು ಬರೆದುಕೊಳ್ಳಲಿಲ್ಲ, ಪುಟದ ವಿಳಾಸ ಬರೆದುಕೊಳ್ಳಲಿಲ್ಲ. ಇಂಟರ್ನೆಟ್ಟಿನಲ್ಲಿ ಇದ್ದದ್ದು ಎಲ್ಲರದ್ದೂ ಎಂದು ಆಗ ಎಲ್ಲರೂ ಅನ್ನುತ್ತಿದ್ದರು.

ಲೇಖನದಲ್ಲಿ ಚಿತ್ರ ಕೂರಿಸುವಾಗ, ಕೆಳಗೆ ಏನಾದರೂ ಬರೆಯಬೇಕಲ್ಲ ಎಂದು ‘ನಂದಗಡ ಸಂತೆ’ ಎಂದು ಬರೆದಳು. ತಾನು ಸಂತೆಗೆ ಹೋದದ್ದು ಸುಳ್ಳಲ್ಲವಲ್ಲ ಎಂಬ ಸಮಾಧಾನ ಇತ್ತು. ಅದಾದ ಮೇಲೆ ‘ಚಿತ್ರ: ಲೇಖಕಿ’ ಎನ್ನುವುದು ತಾನಾಗಿಯೇ ಬಂತು. ಚಿತ್ರ ತೆಗೆದವಳು ಮಾತಾಡಿಸದೆ ಬಂದಳೇ ಎಂದು ಯಾರಾದರೂ ಕೇಳಿಯಾರು ಎನ್ನಿಸಿ, ಲೇಖನದೊಳಗೆ ಒಂದು ಸಾಲು ಸೇರಿಸಿದಳು: ‘ಮಗ ಮಷೀನಿನ ಬೆನ್ನು ಹತ್ತಿದ, ನನ್ನ ಕೈ ನೂಲು ಅವನಿಗೆ ಬೇಡಾಯಿತು ಎಂದು ಆ ಅಜ್ಜಿ ನೊಂದು ನುಡಿದಳು.’

ಆ ಸಾಲು ಎಲ್ಲರಿಗೂ ಹಿಡಿಸಿತು. ಧಾರವಾಡದಿಂದ ಬಂದಿದ್ದ ಪ್ರಾಧ್ಯಾಪಕರೊಬ್ಬರು ಸಮಾರೋಪದಲ್ಲಿ ಅದನ್ನೇ ಎತ್ತಿ ಹೇಳಿದರು. ಲೇಖನಗಳ ಪುಸ್ತಕ ಅಚ್ಚಾಯಿತು, ಅಪ್ಪ ಅದನ್ನು ಬಂದವರಿಗೆಲ್ಲ ತೋರಿಸಿದ. ಜೂನ್ ತಿಂಗಳಲ್ಲಿ ಕಾಲೇಜಿನ ವೆಬ್‌ಸೈಟು ಶುರುವಾದಾಗ ಅವಳ ಲೇಖನವನ್ನು ಅದರಲ್ಲಿ ಹಾಕಿದರು. ಉದ್ಘಾಟನೆಗೆ ಬಂದವರು ನೋಡಲಿ ಎಂದು ಪುಟಗಳ ಮುದ್ರಣ ತೆಗೆದು ಕಂಪ್ಯೂಟರ್ ಕೋಣೆಯ ಹೊರಗಿನ ಬೋರ್ಡಿಗೂ ಚುಚ್ಚಿದರು.

ಭರಮಣ್ಣ ಅದನ್ನು ಕಂಡದ್ದು ಆ ಬೋರ್ಡಿನಲ್ಲಿ. ಅವನು ಬೆಳಗಾವಿಯ ಆಟೋ ನಗರದಲ್ಲಿ ಜನರೇಟರ್ ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ. ದಿನಾ ಖಾನಾಪುರದಿಂದ ಬಂದು ಹೋಗುತ್ತಿದ್ದ. ಕಾಲೇಜಿನ ಜನರೇಟರ್ ಕೆಟ್ಟಿತೆಂದು ಕರೆಸಿದಾಗ ಸ್ವಿಚ್ಚು ನೋಡಲು ಆ ಕೋಣೆಗೆ ಹೋದವನು, ಬೋರ್ಡಿನ ಮುಂದೆ ನಿಂತುಬಿಟ್ಟ. ಅಲ್ಲಿಯವರನ್ನು ಕೇಳಿ ಆ ಪುಟ ಬಿಡಿಸಿಕೊಂಡು, ಚಿತ್ರದ ಸುತ್ತಲಿನ ಸಾಲುಗಳನ್ನೂ ಓದಿದ.

ಇದನ್ನೆಲ್ಲ ಅವನು ನಿಧಾನವಾಗಿ ಹೇಳಿದ. ಅವ್ವನಿಗೆ ಮರೆವು ಹತ್ತಿತ್ತು. ಮೊದಮೊದಲು ಒಲೆಯ ಮೇಲೆ ಇಟ್ಟದ್ದನ್ನು ಮರೆಯುತ್ತಿದ್ದಳು, ಆಮೇಲೆ ಓಣಿಯನ್ನೇ ಮರೆತಳು. ದಸರೆಗೆ ಮೊದಲು ಒಂದು ಮುಂಜಾನೆ ಎದ್ದು ಹೋದವಳನ್ನು ಖಾನಾಪುರ ಸ್ಟೇಶನ್ನಿನಲ್ಲಿ ಯಾರೋ ಕಂಡರಂತೆ. ಅಷ್ಟೇ. ಲೋಂಡಾ, ಮಿರಜ, ಹುಬ್ಬಳ್ಳಿ ಎಲ್ಲ ಹುಡುಕಿದ್ದಾಯಿತು. ಸತ್ತಳೆಂದು ತಿಳಿದು ದಿನಕರ್ಮ ಮಾಡಿಬಿಡಿ ಎಂದು ಕುಲದವರು ಹೇಳಿದ್ದರು. ಅವನು ಒಪ್ಪಿರಲಿಲ್ಲ. ಈಗ ಈ ವರ್ಷದ ಫೆಬ್ರವರಿಯಲ್ಲಿ ನಂದಗಡದಲ್ಲಿ ಕೂತು ಉಣ್ಣೆ ನೂಲುತ್ತಿದ್ದಳೆಂದು ಅಚ್ಚಾಗಿದೆ. ಚಿತ್ರ ಕಂಡ ಮೇಲೆ ಅವನು ಒಂದು ಸಂತೆಯನ್ನೂ ಬಿಟ್ಟಿರಲಿಲ್ಲ. ಮಳೆಯಲ್ಲಿ ನಿಂತು ಹೋಗಿಬರುವವರ ಮುಖ ನೋಡಿದ್ದ. ಕುರಿಯವರು ಬೀಡು ಬಿಟ್ಟ ಕಡೆಯೆಲ್ಲ ತಿರುಗಿದ್ದ. ಕೊನೆಗೆ ಹೆಂಡತಿ ಗೌರವ್ವನೇ, ಫೋಟೋ ತೆಗೆದವರನ್ನು ಕೇಳೋಣ ನಡೆಯಿರಿ ಎಂದು ಎಬ್ಬಿಸಿಕೊಂಡು ಬಂದಿದ್ದಳು.

ನಿಜ ಹೇಳಬೇಕಾಗಿದ್ದ ಹೊತ್ತು ಅದೇ ಆಗಿತ್ತು. ಕಾರಿಡಾರಿನಲ್ಲಿ ಮುಖ್ಯಸ್ಥರ ದನಿ ಕೇಳುತ್ತಿತ್ತು. ಪ್ರಮಿಳಾ ಪೇಪರಿನ ಕಟ್ಟನ್ನು ಸರಿಮಾಡುತ್ತ, ಸಂತೆಯಲ್ಲಿ ಬಹಳ ಮಂದಿ ಇದ್ದರು, ತನಗೆ ಸರಿಯಾಗಿ ನೆನಪಿಲ್ಲ ಎಂದಳು.

“ಜಾಗಾ ನೆನಪಿರಬೇಕಲ್ರಿ,” ಎಂದಳು ಗೌರವ್ವ. ಅವಳು ಬಾಯಿ ಬಿಟ್ಟದ್ದು ಅದೇ ಮೊದಲು. “ನಮ್ಮ ಕೂಡ ಒಂದ ಸಲ ಬಂದು ತೋರಸ್ರಿ ಅಕ್ಕಾರ. ಮುಂದಿಂದು ನಾವ ನೋಡ್ಕೋತೀವಿ.”

ಅಕ್ಕಾರ ಎಂದು ಕರೆಸಿಕೊಂಡ ಮೇಲೆ ಇಲ್ಲವೆನ್ನಲು ಪ್ರಮಿಳಾಗೆ ಬಾಯಿ ಬರಲಿಲ್ಲ. ಬರುವ ಸಂತೆಗೆ ಹೋಗೋಣ ಎಂದು ಒಪ್ಪಿಕೊಂಡಳು. ಅವರು ಹೋದ ಮೇಲೆ ತಾನು ಯಾಕೆ ಒಪ್ಪಿಕೊಂಡೆ ಎಂದು ತನಗೇ ತಿಳಿಯದೆ ಕೂತಳು. ಮಧ್ಯೆ ಸಿಕ್ಕ ದಿನಗಳಲ್ಲಿ ನೂರು ನೆವ ಹುಡುಕಿದಳು. ಜ್ವರ ಬಂತೆನ್ನಬಹುದು, ಪರೀಕ್ಷಾ ಕೆಲಸ ಎನ್ನಬಹುದು. ಅಪ್ಪನಿಗೆ ಹೇಳಲೆಂದು ಎರಡು ಸಲ ಹತ್ತಿರ ಹೋಗಿ, ಚಹಾ ಬೇಕೇನು ಎಂದು ಕೇಳಿ ತಿರುಗಿ ಬಂದಳು.

ಸಂತೆಯ ದಿನ ನಂದಗಡದಲ್ಲಿ ಸಣ್ಣ ಮಳೆ ಹಿಡಿದುಕೊಂಡಿತ್ತು. ಕೆಸರಿನಲ್ಲಿ ಮೆಣಸಿನಕಾಯಿಯ ಗೋಣಿ, ಬಳೆಯ ಡಬ್ಬಿ, ಕೋಳಿಯ ಬುಟ್ಟಿ ಎಲ್ಲ ತಾಡಪತ್ರಿಯ ಕೆಳಗೆ ಒತ್ತಿಕೊಂಡಿದ್ದವು. ಕನ್ನಡ ಮರಾಠಿ ಎರಡರಲ್ಲೂ ಕೂಗಾಟ ನಡೆದಿತ್ತು. ಭರಮಣ್ಣ ಅವಳಿಗೆ ಕೊಡೆ ಹಿಡಿದು ತಾನು ನೆನೆಯುತ್ತ ನಡೆದ. ಎಲ್ಲಿ ನಿಲ್ಲಬೇಕೆಂದು ಗೊತ್ತಿಲ್ಲದೆ ಪ್ರಮಿಳಾ ಮುಂದೆ ಮುಂದೆ ಹೋದಳು. ಸಂತೆಯೇ ಮುಗಿದುಹೋಗುವಷ್ಟು ದೂರ ಹೋದ ಮೇಲೆ, ಬಾಗಿಲು ಹಾಕಿದ ಅಂಗಡಿಯೊಂದರ ಕಟ್ಟೆಯ ಬಾಜೂಕ್ಕೆ ನಿಂತು, ಇಲ್ಲಿ ಎಂದು ಬೆರಳು ಮಾಡಿದಳು.

ಭರಮಣ್ಣ ಕೊಡೆಯನ್ನು ಅವಳ ಕೈಗೆ ಕೊಟ್ಟ. ಕಟ್ಟೆಯ ಬುಡದಲ್ಲಿ ಮೊಣಕಾಲೂರಿ ಕೂತು ನೆಲವನ್ನು ನೋಡಿದ. ಅಂಗೈಯಿಂದ ಅಲ್ಲಿಯ ಒದ್ದೆ ಮಣ್ಣನ್ನು ಒಂದು ಸಲ ಸವರಿದ. ಎದುರಿನ ಬಳೆಗಾರ್ತಿಗೆ ಚಿತ್ರ ತೋರಿಸಿ ಮರಾಠಿಯಲ್ಲಿ ಕೇಳಿದ. ಇಷ್ಟು ದಿನದಿಂದ ತೋರಿಸುತ್ತಲೇ ಇದ್ದೀಯಲ್ಲ, ಕಂಡಿದ್ದರೆ ಹೇಳುತ್ತಿರಲಿಲ್ಲವೇ ಎಂದು ಆಕೆ ಮರುಕದಿಂದ ತಲೆಯಾಡಿಸಿದಳು. ಅವನು ಮತ್ತೆ ಅದೇ ಜಾಗಕ್ಕೆ ಬಂದು ಕೂತ.

“ಒಂದು ಮಾತು ಕೇಳಬೇಕಂತ ಬಾಳ ದಿನದಿಂದ ಐತ್ರಿ,” ಎಂದ, ಮುಖ ಮೇಲೆತ್ತದೆ. “ಮಗ ಮಷೀನಿನ ಬೆನ್ನು ಹತ್ತಿದ ಅಂದ್ಲಂತಲ್ರಿ ಅವ್ವ. ಹಂಗನ್ನುಮುಂದ ಹೆಂಗಿದ್ಲು? ಸಿಟ್ಟಿನಾಗ ಅಂದ್ಲೊ, ಅಳತಿದ್ಲೊ?”

ಪ್ರಮಿಳಾ ಕೊಡೆಯನ್ನು ಅವನ ತಲೆಯ ಮೇಲೆ ಹಿಡಿದಳು.

“ಹಗಲೆಲ್ಲ ಮಷೀನಿನ ಮುಂದ ನಿಂತಾಗ ಅದ ನೆನಪಾಗ್ತದ್ರಿ. ನಾ ಆಟೋ ನಗರಕ್ಕ ಹೋಗೂದು ಆಕೀಗಿ ಸೇರತಿರಲಿಲ್ಲ, ಖರೇ. ಎಲ್ಲಾ ಮರತಾಕಿ ಇದೊಂದು ಮಾತ್ರ ಮರೀಲಿಲ್ಲಲ್ಲ ಅಂತ…”

ಗೌರವ್ವ ಆಚೆ ಮುಖ ಮಾಡಿ ನಿಂತಿದ್ದಳು. ಪ್ರಮಿಳಾ ಅಲ್ಲೇ ಕಟ್ಟೆಯ ಮೇಲೆ ಕೂತಳು. ಆ ಮಾತನ್ನು ನಿಮ್ಮ ತಾಯಿ ಆಡಿಲ್ಲ ಎಂದಳು. ಅದನ್ನು ನಾನು ಮನೆಯಲ್ಲಿ ಕೂತು ಬರೆದೆ. ನಿಮ್ಮ ತಾಯಿಯನ್ನು ನಾನು ನೋಡೇ ಇಲ್ಲ. ಚಿತ್ರ ನಾನು ತೆಗೆದದ್ದಲ್ಲ, ಕಂಪ್ಯೂಟರಿನಲ್ಲಿ ಯಾರೋ ಹಾಕಿದ್ದನ್ನು ಎತ್ತಿಕೊಂಡೆ. ಊರು, ತಿಂಗಳು, ವರ್ಷ ಎಲ್ಲ ನಾನೇ ಹಾಕಿದೆ. ಈ ಜಾಗವನ್ನೂ ಸುಮ್ಮನೆ ತೋರಿಸಿದೆ.

ಇಷ್ಟನ್ನೂ ಅವಳು ತಲೆ ತಗ್ಗಿಸಿಕೊಂಡು, ಪಾಠ ಒಪ್ಪಿಸುವ ಮಗುವಿನ ಹಾಗೆ ಒಂದೇ ಉಸಿರಿನಲ್ಲಿ ಹೇಳಿದಳು. ಹೇಳಿ ಮುಗಿದ ಮೇಲೆ ಬೈಗುಳಕ್ಕಾಗಿ ಕಾದಳು. ಬೈದರೆ ಹಗುರಾದೀತು ಅನ್ನಿಸಿತ್ತು. ಯಾರೂ ಬೈಯಲಿಲ್ಲ. ಭರಮಣ್ಣ ಕೂತಲ್ಲಿಂದ ಎದ್ದು, ಮಣ್ಣಾದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಎರಡೂ ಮೊಣಕಾಲಿಗೆ ಕೆಸರು ಹತ್ತಿತ್ತು; ಅದನ್ನು ಅವನು ನೋಡಲಿಲ್ಲ.

“ಹಂಗಾರ ಆ ಮಾತು ಆಕಿ ಅಂದಿಲ್ಲ,” ಎಂದ.

“ಇಲ್ರಿ.”

“ಛಲೋ ಆತು,” ಎಂದ ಅವನು. ಅವನ ದನಿಯಲ್ಲಿ ಛಲೋ ಆದದ್ದೇನೂ ಕೇಳಿಸಲಿಲ್ಲ.

ಗೌರವ್ವ ಮಾತ್ರ ಅವಳ ಕಡೆ ತಿರುಗಿ, ಒಂದು ತಿಂಗಳಿನಿಂದ ಈ ಮನುಷ್ಯ ಸರಿಯಾಗಿ ಉಂಡಿಲ್ಲ, ಅದು ನಿಮಗೆ ಗೊತ್ತಿರಲಿ ಎಂದಳು. ದನಿ ಏರಿಸಲಿಲ್ಲ. ಸಂತೆಯ ಮಂದಿ ಅವರನ್ನು ನೋಡುತ್ತ ಹಾದುಹೋದರು. ಸ್ವಲ್ಪ ಹೊತ್ತಿನ ಮೇಲೆ ಭರಮಣ್ಣನೇ ಕೇಳಿದ:

“ಫೋಟೋ ನಮ್ಮವ್ವಂದು ಹೌದಲ್ರಿ? ಅದರಾಗ ಸುಳ್ಳಿಲ್ಲ. ಹಂಗಾರ ಯಾರು ತಗದಾರ, ಯಾವಾಗ ತಗದಾರ?”

ಅವಳಿಗೆ ಗೊತ್ತಿರಲಿಲ್ಲ. ಚಿತ್ರ ಮಾಯವ್ವ ಮನೆ ಬಿಡುವ ಮೊದಲಿನದಾಗಿದ್ದರೆ ಅದರಿಂದ ಪ್ರಯೋಜನವಿಲ್ಲ. ಆಮೇಲಿನದಾಗಿದ್ದರೆ, ಎಲ್ಲೋ ಒಂದು ಕಡೆ ಆಕೆ ಬದುಕಿದ್ದಳೆಂದಾಯಿತು. ಇಷ್ಟನ್ನು ತಿಳಿಸಲು ಬೇಕಾಗಿದ್ದದ್ದು ಆ ಚಿತ್ರದ ಕೆಳಗೇ ಇತ್ತು. ಅದನ್ನು ಬಿಟ್ಟು ಬಂದವಳು ತಾನು. ಹುಡುಕಿ ಹೇಳುತ್ತೇನೆ ಎಂದು ಅವಳು ಅಂದಾಗ, ಗೌರವ್ವ ನಂಬಿದ ಹಾಗೆ ಕಾಣಲಿಲ್ಲ.

ಮರುದಿನ ಪ್ರಮಿಳಾ ಮತ್ತೆ ಅದೇ ಸೈಬರ್ ಕೆಫೆಗೆ ಹೋದಳು. ಆ ದಿನ ಕೂತಿದ್ದ ಕಂಪ್ಯೂಟರನ್ನೇ ಕೇಳಿ ಕೂತಳು. ಹಳೆಯದೆಲ್ಲ ವಾರಕ್ಕೊಮ್ಮೆ ಅಳಿಸಿಹಾಕುತ್ತೇವೆ, ಏನೂ ಉಳಿದಿರುವುದಿಲ್ಲ ಎಂದು ಕೆಫೆಯವನು ಹೇಳಿದ. ಉಣ್ಣೆ, ಕುರಿ, ಕರ್ನಾಟಕ, ಖಾನಾಪುರ ಎಂದು ತನಗೆ ತೋಚಿದ ಇಂಗ್ಲಿಷ್ ಶಬ್ದಗಳನ್ನೆಲ್ಲ ಹಿಂದೆಮುಂದೆ ಮಾಡಿ ಒತ್ತಿದಳು. ಆಸ್ಟ್ರೇಲಿಯಾದ ಕುರಿಗಳು ಬಂದವು, ಲುಧಿಯಾನಾದ ಸ್ವೆಟರಿನ ಕಾರ್ಖಾನೆಗಳು ಬಂದವು. ಕಾಲೇಜು ಬಿಟ್ಟ ಕೂಡಲೆ ಅಲ್ಲಿಗೆ ಹೋಗಿ ಕತ್ತಲಾಗುವ ಮುಂಚೆ ಮನೆಗೆ ಬರುವುದು ಕೆಲವು ದಿನ ನಡೆಯಿತು. ಒಂದೊಂದು ಪುಟ ತೆರೆದುಕೊಳ್ಳುವಷ್ಟರಲ್ಲಿ, ಮೇಲಿನಿಂದ ಇಷ್ಟಿಷ್ಟೇ ಚಿತ್ರ ಇಳಿಯುವಾಗ, ಈಗ ಆ ಮೂಗಿನ ಮಚ್ಚೆ ಕಂಡೀತು ಎಂದು ಅವಳು ಪರದೆಯತ್ತ ಬಗ್ಗಿ ಕಾಯುತ್ತಿದ್ದಳು.

ಹೀಗೆ ಒಂದು ಸಂಜೆ ಕೂತಿದ್ದಾಗ, ಆ ಪುಟದ ನೆತ್ತಿಯ ಮೇಲೆ ಹೊಗೆ ಬಿಡುತ್ತ ಓಡುವ ಪುಟ್ಟ ಉಗಿಬಂಡಿಯ ಗೊಂಬೆಯಿತ್ತು ಎಂಬುದು ಅವಳಿಗೆ ನೆನಪಾಯಿತು. ಆವತ್ತು ಅದನ್ನು ನೋಡಿ, ಯಾರಪ್ಪ ಈ ಹುಡುಗಾಟದವರು ಎಂದು ನಕ್ಕಿದ್ದಳು. ಖಾನಾಪುರದ ಜೊತೆ ರೈಲ್ವೆ ಎಂದು ಸೇರಿಸಿ ಹುಡುಕಿದಾಗ ಪುಟ ಸಿಕ್ಕಿತು. ಗೊಂಬೆ ಬಂಡಿ ಓಡುತ್ತಿತ್ತು. ಹಳೆಯ ಸ್ಟೇಶನ್ನುಗಳು, ಸೇತುವೆಗಳು, ಗ್ಯಾಂಗ್‌ಮನ್ನರು, ಕೊನೆಯಲ್ಲಿ ಮಾಯವ್ವ. ಕೆಳಗೆ ಇಂಗ್ಲಿಷಿನಲ್ಲಿ ಎರಡೇ ಸಾಲು ಇದ್ದವು. ಉಣ್ಣೆ ನೂಲುವ ಅಜ್ಜಿ, ಖಾನಾಪುರ ಸ್ಟೇಶನ್ ರಸ್ತೆ, ಡಿಸೆಂಬರ್ ೧೯೯೭. ಚಿತ್ರ ತೆಗೆದವರು ಕಲ್ಲಯ್ಯ, ಹುಬ್ಬಳ್ಳಿ. ಬಳಸುವವರು ಹೆಸರು ಹಾಕಿ ಬಳಸಿ, ಒಂದು ಮಾತು ತಿಳಿಸಿದರೆ ಸಂತೋಷ ಎಂದು ಇಮೇಲ್ ವಿಳಾಸ ಕೊಟ್ಟಿದ್ದರು.

ಮಾಯವ್ವ ಮನೆ ಬಿಡುವುದಕ್ಕೆ ಸುಮಾರು ಎರಡು ವರ್ಷ ಮೊದಲಿನ ಚಿತ್ರ.

ಪ್ರಮಿಳಾ ಆ ಸಾಲನ್ನು ಮತ್ತೊಮ್ಮೆ ಓದಿದಳು. ವರ್ಷ ಅಷ್ಟು ಸ್ಪಷ್ಟವಾಗಿ ಅಲ್ಲಿತ್ತು. ಮೊದಲ ಸಲವೂ ಅಲ್ಲೇ ಇದ್ದಿರಬೇಕು, ಅವಳ ಕಣ್ಣು ಅದರ ಮೇಲೆ ಹಾದಿರಲೇಬೇಕು. ತನಗೆ ಬೇಡವಾದದ್ದನ್ನು ನೋಡಿಯೂ ನೋಡದ ಹಾಗೆ ದಾಟಿ ಬಂದಿದ್ದಳು. ಈ ಸಲ ಪುಟದ ವಿಳಾಸವನ್ನು ಅಕ್ಷರ ಅಕ್ಷರ ಬರೆದುಕೊಂಡಳು, ನೋಡಿದ ತಾರೀಖನ್ನೂ ಬರೆದುಕೊಂಡಳು. ಆಮೇಲೆ ಆ ಇಮೇಲ್ ವಿಳಾಸಕ್ಕೆ ನಡೆದದ್ದೆಲ್ಲ ಬರೆದು ಕಳಿಸಿದಳು. ಎರಡು ದಿನ ಬಿಟ್ಟು ಉತ್ತರ ಬಂತು. ಅದರಲ್ಲಿ ಫೋನ್ ನಂಬರಷ್ಟೇ ಇತ್ತು.

ಎಸ್‌ಟಿಡಿ ಬೂತಿನಿಂದ ಅವಳು ಮಾತಾಡಿದಳು. ಕಲ್ಲಯ್ಯ ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಬಂಡಿ ನಿಂತ ಕಡೆಯೆಲ್ಲ ಚಿತ್ರ ತೆಗೆಯುವುದು ಅವರಿಗೆ ಚಟ. ತಪ್ಪಾಯಿತು, ನಿಮ್ಮ ಹೆಸರು ಹಾಕಬೇಕಿತ್ತು ಎಂದು ಅವಳು ಶುರು ಮಾಡಿದಳು.

“ನನ್ನ ಹೆಸರಿಂದು ಇರಲಿ ತಂಗಿ,” ಎಂದರು ಅವರು. “ಹೆಸರು ಹಾಕಿದ್ರ ಖುಷಿ ಆಗತಿತ್ತು, ಇಲ್ಲ ಅನ್ನಂಗಿಲ್ಲ. ಆದ್ರ ಇಸವಿ ಯಾಕ ಬದಲ ಮಾಡಿದಿ?”

ಗಾಜಿನ ಆಚೆ ಬೂತಿನ ಹುಡುಗಿ ತನ್ನನ್ನೇ ನೋಡುತ್ತಿದ್ದಾಳೆ ಅನ್ನಿಸಿ ಪ್ರಮಿಳಾ ಗೋಡೆಯ ಕಡೆ ತಿರುಗಿದಳು. ಕಲ್ಲಯ್ಯ ಒತ್ತಿ ಕೇಳಲಿಲ್ಲ. ಆ ಅಜ್ಜಿಯ ಹೆಸರೇನೆಂದು ಅವರೇ ಕೇಳಿದರು. ಮಾಯವ್ವ ಎಂದು ಹೇಳಿದಾಗ, ಬಂಡಿ ಬಿಡುವ ಅವಸರದಲ್ಲಿ ತಾನು ಹೆಸರು ಕೇಳಲಿಲ್ಲ, ಕೇಳಬೇಕಾಗಿತ್ತು ಎಂದರು. ಅದೇ ದಿನ ತೆಗೆದ ಇನ್ನೊಂದು ಚಿತ್ರ ಇದೆ, ಎರಡನ್ನೂ ದೊಡ್ಡದು ಮಾಡಿಸಿ ಕಳಿಸುತ್ತೇನೆ, ಮಗನಿಗೆ ಮುಟ್ಟಿಸು ಎಂದರು.

ಮರುದಿನ ಅವಳು ವಿಭಾಗದ ಮುಖ್ಯಸ್ಥರ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇಂಟರ್ನೆಟ್ಟಿನ ಫೋಟೋಕ್ಕೆ ಯಾರು ಹೆಸರು ಹಾಕುತ್ತಾರೆ, ಅದಕ್ಕೊಂದು ರೀತಿಯಾದರೂ ಎಲ್ಲಿದೆ ಎಂದು ಕೇಳಿದರು. ಅದು ನಿಜವೇ ಆಗಿತ್ತು. ಗ್ರಂಥಾಲಯದ ಸಂಶೋಧನಾ ಕೈಪಿಡಿಯಲ್ಲಿ ಪುಸ್ತಕಕ್ಕೆ, ಪತ್ರಿಕೆಗೆ, ತಾಮ್ರಪಟಕ್ಕೆ ಕೂಡ ಉಲ್ಲೇಖದ ಕ್ರಮವಿತ್ತು; ವೆಬ್‌ಸೈಟಿನ ಚಿತ್ರಕ್ಕೆ ಇರಲಿಲ್ಲ. ಆದರೆ ಆಡದ ಮಾತನ್ನು ಆಡಿದಳೆಂದು ಬರೆಯಲು ಯಾವ ಕೈಪಿಡಿಯೂ ಹೇಳಿರಲಿಲ್ಲ ಎಂದು ಪ್ರಮಿಳಾ ಅಂದಾಗ ಅವರು ಮಾತು ಬದಲಿಸಿದರು. ಕಾಲೇಜನ್ನು ನೋಡಲು ಪರಿಶೀಲನಾ ತಂಡ ಬರುವುದಿದೆ, ಗದ್ದಲ ಬೇಡ, ವೆಬ್‌ಸೈಟಿನಿಂದ ಚಿತ್ರವನ್ನು ಸದ್ದಿಲ್ಲದೆ ತೆಗೆದುಬಿಡೋಣ, ಪುಸ್ತಕ ಯಾರು ಓದುತ್ತಾರೆ ಎಂದರು. ಅವಳು ಒಪ್ಪಲಿಲ್ಲ. ಕೆಲಸ ಕಾಯಂ ಆಗುವ ಮಾತು ಮುಂದಕ್ಕೆ ಹೋದೀತು ಎಂದು ಅವರು ಸೂಚನೆಯಾಗಿ ಹೇಳಿದ್ದು ಅವಳಿಗೆ ಅರ್ಥವಾಯಿತು. ಹೋಗಲಿ ಎನ್ನುವ ಧೈರ್ಯ ಅವಳಿಗಿರಲಿಲ್ಲ. ಹೆದರಿಕೆಯಿಂದಲೇ, ತಿದ್ದುಪಡಿ ಹಾಕಲೇಬೇಕು ಸರ್ ಎಂದಳು.

ತಿದ್ದುಪಡಿ ಬರೆಯಲು ಅವಳಿಗೆ ಒಂದು ಇಡೀ ಭಾನುವಾರ ಹಿಡಿಯಿತು. ಚಿತ್ರ ತೆಗೆದವರ ಹೆಸರು, ಅವರು ಚಿತ್ರಕ್ಕೆ ಕೊಟ್ಟ ಹೆಸರು, ತೆಗೆದ ಸ್ಥಳ ಮತ್ತು ತಿಂಗಳು, ಪುಟದ ವಿಳಾಸ, ತಾನು ಅದನ್ನು ನೋಡಿದ ದಿನ. ಓದುವವರು ಯಾರೇ ಆಗಲಿ ತನ್ನನ್ನು ಕೇಳದೆ ಅಲ್ಲಿಗೆ ಹೋಗಿ ನೋಡುವಂತಿರಬೇಕು ಎಂದು ಯೋಚಿಸಿ ಈ ಕ್ರಮವನ್ನು ತಾನೇ ಮಾಡಿಕೊಂಡಳು. ಇದೆಲ್ಲ ಸುಲಭವಾಗಿತ್ತು. ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ‘ಲೇಖನದಲ್ಲಿ ಈ ವೃದ್ಧೆಯ ಮಾತೆಂದು ಕೊಟ್ಟದ್ದು ಲೇಖಕಿ ಕಲ್ಪಿಸಿದ್ದು. ಲೇಖಕಿ ಅವರನ್ನು ಭೇಟಿಯಾಗಿಲ್ಲ.’ ಇದನ್ನು ಬರೆದು, ಹೊಡೆದು, ಮತ್ತೆ ಬರೆದಳು.

ವೆಬ್‌ಸೈಟಿನಲ್ಲಿ ಚಿತ್ರದ ಕೆಳಗೆ ಅದನ್ನು ಹಾಕಿಸಿದಳು. ಪುಸ್ತಕಕ್ಕಾಗಿ ಚೀಟಿ ಅಚ್ಚು ಹಾಕಿಸಿ, ಗ್ರಂಥಾಲಯದಲ್ಲೂ ಗೋದಾಮಿನಲ್ಲೂ ಉಳಿದಿದ್ದ ಪ್ರತಿಗಳಲ್ಲಿ ಒಂದೊಂದಾಗಿ ಗೋಂದು ಹಚ್ಚಿ ಅಂಟಿಸಿದಳು. ಸಹೋದ್ಯೋಗಿಗಳು ಬಂದು ಇಣುಕಿ, ಏನು ಅಂಟಿಸುತ್ತಿದ್ದೀರಿ ಎಂದು ಕೇಳಿ, ಓದಿ, ಮಾತು ನಿಲ್ಲಿಸಿ ಹೋಗುತ್ತಿದ್ದರು. ಮನೆಯಲ್ಲಿದ್ದ ಪ್ರತಿಗೆ ಅಪ್ಪನ ಮುಂದೆಯೇ ಅಂಟಿಸಿದಳು. ಲಕ್ಷ್ಮಪ್ಪ ಚೀಟಿಯನ್ನು ಎರಡು ಸಲ ಓದಿದ. ಪುಸ್ತಕವನ್ನು ಟೀವಿಯ ಮೇಲಿಂದ ತೆಗೆದು ಟ್ರಂಕಿನೊಳಗೆ ಇಟ್ಟ.

ಹುಬ್ಬಳ್ಳಿಯಿಂದ ಚಿತ್ರಗಳು ಬಂದ ಮೇಲೆ ಒಂದು ಭಾನುವಾರ ಪ್ರಮಿಳಾ ಖಾನಾಪುರಕ್ಕೆ ಹೋದಳು. ಭರಮಣ್ಣನ ಮನೆ ಸ್ಟೇಶನ್ನಿನ ಹಿಂದಿನ ಓಣಿಯಲ್ಲಿತ್ತು. ಬರ್ರಿ, ಕುಂದರ್ರಿ ಎಂದು ಅವನು ಚಾಪೆ ಹಾಸಿದ. ಅವಳು ಕೂಡುವ ಮೊದಲೇ ವಿಷಯ ಹೇಳಿದಳು. ಚಿತ್ರ ತೆಗೆದದ್ದು ತೊಂಬತ್ತೇಳರಲ್ಲಿ, ಇದೇ ಸ್ಟೇಶನ್ ರಸ್ತೆಯಲ್ಲಿ.

ಭರಮಣ್ಣ ಗೋಡೆಗೆ ಒರಗಿದ. “ಹಂಗಾರ ಆವಾಗ ಮನ್ಯಾಗ ಇದ್ಲು,” ಎಂದಷ್ಟೇ ಅಂದ.

ಅವಳು ಚಿತ್ರಗಳನ್ನು ಕೊಟ್ಟಳು. ಎರಡನೆಯದರಲ್ಲಿ ಮಾಯವ್ವ ನೂಲು ಬಿಟ್ಟು ಕ್ಯಾಮೆರಾದ ಕಡೆ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಗೌರವ್ವ ಅದನ್ನು ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆ ಸೀರೆ ತಾನೇ ಉಡಿಸಿದ್ದು ಎಂದು ಗಂಡನಿಗೆ ಹೇಳಿದಳು. ಆಮೇಲೆ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ತಿದ್ದುಪಡಿಯನ್ನು ಓದಿ ಹೇಳಲು ಭರಮಣ್ಣ ಕೇಳಿದ. ಪ್ರಮಿಳಾ ಓದಿದಳು. ತನ್ನ ಬಗೆಗಿನ ಸಾಲು ಬಂದಾಗ ದನಿ ಇಳಿಯಿತು, ಆದರೂ ಬಿಡದೆ ಓದಿದಳು. ಅವನು ಪೂರ್ತಿ ಕೇಳಿ, ಇದರಲ್ಲಿ ಅವ್ವನ ಹೆಸರಿಲ್ಲವಲ್ಲ ಎಂದ. ಇರಲಿಲ್ಲ. ಹೆಸರು ಹಾಕಲು ನಿಮ್ಮನ್ನು ಕೇಳಬೇಕಿತ್ತು, ಅದಕ್ಕೆ ಬಿಟ್ಟೆ ಎಂದಳು. ಅದು ಅರ್ಧ ನಿಜ. ಮಾಯವ್ವನ ಹೆಸರು ಬರೆಯಲು ಅವಳಿಗೆ ಮುಖವಿರಲಿಲ್ಲ.

“ಹಾಕ್ರಿ,” ಎಂದ ಭರಮಣ್ಣ. “ಕಳದಾಳ ಅಂತನೂ ಹಾಕ್ರಿ. ನೀವು ನೋಡಿದಂಗ ಮತ್ತ ಯಾರರ ನೋಡ್ತಾರ. ಆ ಹುಬ್ಬಳ್ಳಿಯವರಿಗೂ ಹೇಳ್ರಿ.”

ಅವಳು ಚೀಟಿಯ ಅಂಚಿನಲ್ಲೇ ಬರೆದುಕೊಂಡಳು: ಮಾಯವ್ವ, ಖಾನಾಪುರ, ೧೯೯೯ರ ದಸರೆಯ ಮುಂದೆ ಕಾಣೆಯಾದವರು, ಕಂಡವರು ತಿಳಿಸಬೇಕಾದ ನಂಬರು. ಇಸವಿ ಸರಿಯಾಗಿದೆಯೇ ಎಂದು ಅವನಿಗೆ ತೋರಿಸಿ ಕೇಳಿದಳು. ಅವನು ಬೆರಳಿಟ್ಟು ಓದಿ ಹೌದೆಂದ.

ಇನ್ನು ಹೊರಡುತ್ತೇನೆ ಎಂದು ಅವಳು ಏಳುವಷ್ಟರಲ್ಲಿ ಗೌರವ್ವ ರೊಟ್ಟಿಯ ತಟ್ಟೆ ಹಿಡಿದು ಬಂದಳು. ಕಣ್ಣು ಕೆಂಪಾಗಿದ್ದವು. ಬೇಡ, ಬಸ್ಸಿಗೆ ಹೊತ್ತಾಗುತ್ತದೆ ಎಂದು ಪ್ರಮಿಳಾ ಚಪ್ಪಲಿಯ ಕಡೆ ನಡೆದಳು.

“ಉಂಡು ಹೋಗ್ರಿ,” ಎಂದಳು ಗೌರವ್ವ. “ನಿಮ್ಮ ಮ್ಯಾಲ ನನಗ ಸಿಟ್ಟು ಐತಿ, ಹೋಗಿಲ್ಲ. ಆದ್ರ ಊಟದ ಹೊತ್ತಿನಾಗ ಬಂದೀರಿ.”

ಪ್ರಮಿಳಾ ತಿರುಗಿ ಬಂದು ಚಾಪೆಯ ಮೇಲೆ ಕೂತಳು. ತಟ್ಟೆಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಒಂದು ಹಸಿ ಉಳ್ಳಾಗಡ್ಡಿ ಇತ್ತು. ಭರಮಣ್ಣನೂ ಎದುರಿಗೆ ಕೂತು ಉಣ್ಣಲು ಶುರು ಮಾಡಿದ. ಅವನು ಎರಡನೆಯ ರೊಟ್ಟಿ ಹಾಕಿಸಿಕೊಳ್ಳುವವರೆಗೂ ಅವಳಿಗೆ ಮೊದಲನೆಯದನ್ನು ಮುರಿಯಲಾಗಲಿಲ್ಲ. ಗೌರವ್ವ ಅವಳ ತಟ್ಟೆಯನ್ನೇ ನೋಡುತ್ತ ನಿಂತಿದ್ದಳು. ಪ್ರಮಿಳಾ ತಲೆ ತಗ್ಗಿಸಿ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡಳು.